ಕಾಲ್ಗುಣವೋ ಕಾಳಯುಕ್ತಿಯೋ

ನಮ್ಮ ಮನೆಯಲ್ಲಿ ದಸರೆ ಮುಗಿದು ದೀಪಾವಳಿ ಬರುವಷ್ಟರಲ್ಲಿ ಮೂರು ಶ್ರಾದ್ಧ. ಆಶ್ವಯುಜ ಬಹುಳ ತದಿಗೆ, ಪಂಚಮಿ, ಅಷ್ಟಮಿ. ಹುಡುಗರಾಗಿದ್ದ ನಮಗೆ ಅದು ವಡೆ, ಪಾಯಸದ ವಾರ. ಮುತ್ತಜ್ಜನ ತಾಯಿ, ಅಣ್ಣ, ತಮ್ಮ ಮೂವರೂ ಒಂದೇ ಪಕ್ಷದಲ್ಲಿ ಹೇಗೆ ಹೋದರು ಎಂದು ನಾವು ಕೇಳಲಿಲ್ಲ. ಕೇಳಿದ್ದರೆ ಸಿಗುತ್ತಿದ್ದ ಉತ್ತರವಂತೂ ಸಿದ್ಧವಾಗಿತ್ತು: ಮಡಿಯಜ್ಜಿಯ ಕಾಲ್ಗುಣ.

ಮಡಿಯಜ್ಜಿ ಎಂದರೆ ಸತ್ತ ತಮ್ಮನ ಹೆಂಡತಿ. ಅದೇ ವರ್ಷದ ವೈಶಾಖದಲ್ಲಿ ಮದುವೆಯಾಗಿ ಬಂದವಳು, ಹದಿನಾಲ್ಕರ ಹುಡುಗಿ. ದೀಪಾವಳಿಯ ಹೊತ್ತಿಗೆ ತಲೆ ಬೋಳಿಸಿಕೊಂಡು ಅಡುಗೆಮನೆ ಸೇರಿದವಳು ಉಳಿದ ಬದುಕನ್ನೆಲ್ಲ ಅಲ್ಲೇ ಕಳೆದಳು. ಮದುವೆ, ಮುಂಜಿಗೆ ಎದುರು ಬರುವ ಹಾಗಿರಲಿಲ್ಲ.

ಐವತ್ತು ದಾಟಿದ ಮೇಲೆ ನನಗೆ ವಂಶವೃಕ್ಷ ಬರೆಯುವ ಹುಚ್ಚು ಹಿಡಿಯಿತು. ಅಟ್ಟದ ಮೇಲಿನ ಗಂಟಿನಲ್ಲಿ ಒಂದು ಹಳೆಯ ಪಂಚಾಂಗ ಸಿಕ್ಕಿತು. ಅದರ ಆಶ್ವಯುಜದ ಪುಟದಲ್ಲಿ ಮೂರು ತಿಥಿಗಳ ಪಕ್ಕ ಶಾಯಿಯ ಚುಕ್ಕೆ. ಮುಖಪುಟದಲ್ಲಿ ಸಂವತ್ಸರದ ಹೆಸರು: ಕಾಳಯುಕ್ತಿ. ಲೆಕ್ಕ ಹಾಕಿದರೆ 1918, ಅಕ್ಟೋಬರ್ ತಿಂಗಳ ಕೊನೆ. ಇನ್‌ಫ್ಲುಯೆಂಜಾ ಮೈಸೂರು ಸೀಮೆಯ ಹಳ್ಳಿಹಳ್ಳಿಯನ್ನೂ ಮಲಗಿಸಿದ್ದ ದಿನಗಳು ಅವು.

ಮನೆತನದ ಚರಿತ್ರೆ ಹುಡುಕುವವರು ಹುಟ್ಟು, ಮದುವೆ, ಊರು, ಗೋತ್ರ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಸಾವಿನ ಕಾರಣದ ಜಾಗ ಮಾತ್ರ ಖಾಲಿ ಇರುತ್ತದೆ, ಇಲ್ಲವೆ ಅಲ್ಲಿ 'ಜ್ವರ' ಎಂದಿರುತ್ತದೆ. ಅದನ್ನು ತುಂಬಿಸಲು ಹೊರಟವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮನೆಯವರು ಹೇಳುವ ಕಾರಣ ಬಹಳ ಸಲ ರೋಗದ ಹೆಸರಾಗಿರುವುದಿಲ್ಲ. ಯಾರ ಮೇಲೋ ಹೊರಿಸಿದ ಆರೋಪವಾಗಿರುತ್ತದೆ.

ಮೊದಲು ವರ್ಷ ಹಿಡಿಯಿರಿ

ಶ್ರಾದ್ಧ ಮಾಡುವ ಮನೆಗಳಲ್ಲಿ ಮಾಸ, ಪಕ್ಷ, ತಿಥಿ ನೂರು ವರ್ಷವಾದರೂ ಅಳಿಯುವುದಿಲ್ಲ. ಅಳಿಯುವುದು ಇಸವಿ. ಸಂವತ್ಸರದ ಹೆಸರು ಸಿಕ್ಕರೆ ಅರ್ಧ ಕೆಲಸವಾದಂತೆ. ಆದರೆ ಅದು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ ಎಂಬುದು ನೆನಪಿರಲಿ: 1858ರ ಯುಗಾದಿಯಿಂದ ಶುರುವಾದದ್ದೂ ಕಾಳಯುಕ್ತಿ, 1978ರದ್ದೂ ಕಾಳಯುಕ್ತಿ. ತಲೆಮಾರು ಎಣಿಸಿ ಯಾವುದೆಂದು ತೀರ್ಮಾನಿಸಬೇಕು. ಸಂವತ್ಸರ ಆರಂಭವಾಗುವುದು ಯುಗಾದಿಗೆ ಎನ್ನುವುದನ್ನು ಮರೆತು ಎಡವುವವರು ಇನ್ನೂ ಹೆಚ್ಚು. ಕಾಳಯುಕ್ತಿಯ ಮಾಘ ಎಂದರೆ 1918 ಅಲ್ಲ, 1919ರ ಫೆಬ್ರುವರಿ ಸುಮಾರು. ಶಾಲಿವಾಹನ ಶಕೆ ಇದ್ದರೆ 78 ಕೂಡಿಸಿ. ನಿಜಾಮರ ಸೀಮೆಯಲ್ಲಿದ್ದ ಬೀದರ, ಕಲಬುರಗಿ, ರಾಯಚೂರಿನ ಕಾಗದಗಳಲ್ಲಿ ಫಸಲಿ ವರ್ಷ ಇರುತ್ತದೆ. ಅದಕ್ಕೆ 590 ಕೂಡಿಸಿ, ಜನವರಿಯಿಂದ ಮುಂದಿನ ತಿಂಗಳುಗಳಾದರೆ 591. ತಿಥಿಯಿಂದ ಕರಾರುವಾಕ್ಕಾದ ತಾರೀಖು ಬೇಕಾದವರಿಗೆ ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆಯವರ ಎಫೆಮೆರಿಸ್ ಸಂಪುಟಗಳಿವೆ. ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತವೆ.

ಸಂವತ್ಸರವೂ ಗೊತ್ತಿಲ್ಲ ಎಂದಾದರೆ ಜಮೀನಿನ ಕಾಗದ ಬಿಚ್ಚಿ. ಪೌತಿ ಖಾತೆ ಎಂಬ ಮಾತಿನಲ್ಲಿ 'ಪೌತಿ' ಎಂದರೇ ಸಾವು. ಅಪ್ಪ ಸತ್ತು ಮಗನ ಹೆಸರಿಗೆ ಖಾತೆ ಬದಲಾದ ದಿನದ ಹೊತ್ತಿಗೆ ಅಪ್ಪ ಇರಲಿಲ್ಲ ಎಂಬುದಂತೂ ಗಟ್ಟಿ. ಆದರೆ ಅದೇ ಸಾವಿನ ವರ್ಷ ಎಂದು ನಂಬಬೇಡಿ. ಸತ್ತು ಇಪ್ಪತ್ತು ವರ್ಷವಾದರೂ ಖಾತೆ ಬದಲಾಯಿಸದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ನಮ್ಮ ಮನೆಯದು 1921ರಲ್ಲಿ ಆಗಿತ್ತು, ಪಂಚಾಂಗದ ಚುಕ್ಕೆಗಳಿಗೆ ಅದು ಸಾಕ್ಷಿಯಾಯಿತು. ಉಯಿಲು, ಪಿಂಚಣಿ ಕಾಗದ, ಹೆಳವರ ಹೊತ್ತಿಗೆ ಯಾವುದನ್ನೂ ಬಿಡಬೇಡಿ. ಹೆಳವರು ಸುಗ್ಗಿ ಮುಗಿದ ಮೇಲೆ ಮನೆಮನೆಗೆ ಬಂದು ವಂಶಾವಳಿ ಓದುವವರು. ಯಾರು ಯಾವ ಊರಿಂದ ಎದ್ದು ಎಲ್ಲಿಗೆ ಬಂದರು ಎನ್ನುವುದು ಅವರಲ್ಲಿ ಸಿಗುತ್ತದೆ, ಮತ್ತು ಊರು ಬಿಟ್ಟ ಕಾರಣವೇ ಎಷ್ಟೋ ಸಲ ಸಾವಿನ ಕಾರಣ.

ತಿಥಿ ಕಾರ್ಡುಗಳಿಂದ ಹೆಚ್ಚು ನಿರೀಕ್ಷಿಸಬೇಡಿ. ವೈಕುಂಠವಾಸಿ, ಶಿವೈಕ್ಯ, ದೈವಾಧೀನ ಎಂದು ಎಲ್ಲಿಗೆ ಹೋದರೆಂದು ಹೇಳುತ್ತವೆಯೇ ಹೊರತು ಏನಾಗಿ ಹೋದರೆಂದು ಹೇಳುವುದಿಲ್ಲ.

'ಜ್ವರ' ಎಂಬ ಕಾಲಂ

1969ರ ಜನನ ಮರಣ ನೋಂದಣಿ ಕಾಯ್ದೆ ದೇಶದ ಬಹುಭಾಗದಲ್ಲಿ ಜಾರಿಗೆ ಬಂದದ್ದು 1970ರ ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲು ಹಳ್ಳಿಯ ಸಾವುಗಳನ್ನು ಬರೆದುಕೊಳ್ಳುತ್ತಿದ್ದವರು ಪಟೇಲರು, ಶ್ಯಾನುಭೋಗರು, ಮುಂಬಯಿ ಪ್ರಾಂತದ ಕಡೆಯಾದರೆ ಕುಲಕರ್ಣಿಗಳು. ಬ್ರಿಟಿಷರ ಕಾಲದ ನಮೂನೆಯಲ್ಲಿ ಕಾರಣಕ್ಕೆ ಇದ್ದ ಕಾಲಂಗಳು ಬೆರಳೆಣಿಕೆಯಷ್ಟು: ಕಾಲರಾ, ಸಿಡುಬು, ಪ್ಲೇಗು, ಜ್ವರ, ಆಮಶಂಕೆ ಮತ್ತು ಭೇದಿ, ಉಸಿರಾಟದ ಕಾಯಿಲೆ, ಅಪಘಾತ, ಇತರೆ. ಬರೆಯುವವರು ವೈದ್ಯರಲ್ಲ, ಹೆಣ ನೋಡಿದವರೂ ಅಲ್ಲ. ತಳವಾರ ಬಂದು ಹೇಳಿದ್ದನ್ನು ತಮಗೆ ತೋಚಿದ ಕಾಲಮ್ಮಿಗೆ ಹಾಕುತ್ತಿದ್ದರು. ಕಾಲರಾ, ಸಿಡುಬು, ಪ್ಲೇಗು ಊರಿಗೇ ಗೊತ್ತಾಗುವ ರೋಗಗಳಾದ್ದರಿಂದ ಆ ಮೂರನ್ನು ಹೆಚ್ಚುಕಡಿಮೆ ನಂಬಬಹುದು. ಮಿಕ್ಕ ಸಾವುಗಳಲ್ಲಿ ಹೆಚ್ಚಿನವು ಹೋಗಿ ಸೇರುತ್ತಿದ್ದುದು ಜ್ವರದ ಕಾಲಮ್ಮಿಗೆ. ಮಲೇರಿಯಾ, ಟೈಫಾಯ್ಡ್, ನ್ಯುಮೋನಿಯಾ, ಬಾಣಂತಿ ನಂಜು, ಮಕ್ಕಳ ದಡಾರ, ಕ್ಷಯದ ಕೊನೆಯ ಹಂತ, ಎಲ್ಲವೂ ಅಲ್ಲಿಯೇ. 1918ರ ಇನ್‌ಫ್ಲುಯೆಂಜಾಕ್ಕೆ ನಮೂನೆಯಲ್ಲಿ ಕಾಲಮ್ಮೇ ಇರಲಿಲ್ಲ. ಅದರಲ್ಲಿ ಸತ್ತವರೂ ಜ್ವರವಾದರು.

ಇಂಥ ರಿಜಿಸ್ಟರು ಸಿಕ್ಕರೆ ನಿಮ್ಮವರ ಸಾಲನ್ನಷ್ಟೇ ನೋಡಿ ಮುಚ್ಚಬೇಡಿ. ಆ ತಿಂಗಳು ಊರಿನಲ್ಲಿ ಎಷ್ಟು ಸಾವು, ಅದರ ಹಿಂದಿನ ವರ್ಷದ ಅದೇ ತಿಂಗಳು ಎಷ್ಟು, ಸತ್ತವರ ವಯಸ್ಸೇನು ನೋಡಿ. ವರ್ಷಕ್ಕೆ ಹತ್ತು ಸಾವಿನ ಊರಿನಲ್ಲಿ ಒಂದೇ ತಿಂಗಳು ಮೂವತ್ತು 'ಜ್ವರ' ಇದ್ದರೆ, ಅದೂ ಇಪ್ಪತ್ತು ನಲವತ್ತರ ನಡುವಿನ ಗಟ್ಟಿ ಆಳುಗಳೇ ಹೆಚ್ಚಾಗಿದ್ದರೆ, ಬೇರೆ ಸಾಕ್ಷಿ ಬೇಡ. ಮಾಮೂಲಿ ಶೀತಜ್ವರ ಮುದುಕರನ್ನೂ ಮಕ್ಕಳನ್ನೂ ಒಯ್ಯುತ್ತದೆ. ಅಂದಿನ ಇನ್‌ಫ್ಲುಯೆಂಜಾ ಹರೆಯದವರನ್ನು ಆರಿಸಿಕೊಂಡಿತು. ಇಂಡಿಯಾದಲ್ಲಿ ಒಂದು ಕೋಟಿಗೂ ಮೀರಿ ಜನ ಅದಕ್ಕೆ ಬಲಿಯಾದರು. ಕಳೆದ ಶತಮಾನದಲ್ಲಿ ದೇಶದ ಜನಸಂಖ್ಯೆ ಏರುವ ಬದಲು ಇಳಿದ ಒಂದೇ ದಶಕ 1911ರಿಂದ 1921.

ದಾಖಲೆ ಎಲ್ಲಿ ಹುಡುಕಬೇಕು ಎನ್ನುವುದು 1956ಕ್ಕೆ ಮೊದಲು ನಿಮ್ಮ ಊರು ಯಾರ ಕೈಯಲ್ಲಿತ್ತು ಎಂಬುದರ ಮೇಲೆ ಹೋಗುತ್ತದೆ. ಹಳೆ ಮೈಸೂರಿನವರಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರ, ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದವರಿಗೆ ಮುಂಬಯಿ, ಮಂಗಳೂರು ಬಳ್ಳಾರಿಯವರಿಗೆ ಚೆನ್ನೈ, ಉಳಿದ ಕಲ್ಯಾಣ ಕರ್ನಾಟಕದವರಿಗೆ ಹೈದರಾಬಾದು. ಅಲ್ಲಿ ಹೆಸರು ಹಿಡಿದು ಹುಡುಕಿದರೆ ಸಿಗುವುದು ಅಪರೂಪ. ಸಿಗುವುದು ವಾರ್ಷಿಕ ಆರೋಗ್ಯ ವರದಿಗಳು. ಯಾವ ವರ್ಷ ಯಾವ ತಾಲ್ಲೂಕಿಗೆ ಯಾವ ಪಿಡುಗು ಬಂತು ಎಂಬುದು. ನಿಮ್ಮ ತಿಥಿಯ ಪಕ್ಕ ಇಡಲು ಅದೇ ಸಾಕು. ಇಗರ್ಜಿಯ ಹೂಳುವಿಕೆ ರಿಜಿಸ್ಟರು ಇರುವ ಕ್ರೈಸ್ತ ಮನೆತನದವರು, ದಂಡಿನಲ್ಲೋ ರೈಲ್ವೆಯಲ್ಲೋ ಕೆಲಸಕ್ಕಿದ್ದವರ ಮಕ್ಕಳು ಸ್ವಲ್ಪ ಅದೃಷ್ಟವಂತರು. ಅವರ ಕಾಗದಗಳಲ್ಲಿ ಹಳೆಯ ಇಂಗ್ಲಿಷ್ ರೋಗದ ಹೆಸರು ಬರುತ್ತದೆ: ಥೈಸಿಸ್ ಎಂದರೆ ಕ್ಷಯ, ಎಂಟೆರಿಕ್ ಎಂದರೆ ಟೈಫಾಯ್ಡ್, ಏಗ್ಯೂ ಎಂದರೆ ಚಳಿಜ್ವರ, ಅಪೊಪ್ಲೆಕ್ಸಿ ಎಂದರೆ ಲಕ್ವ. ಡ್ರಾಪ್ಸಿ ರೋಗವಲ್ಲ, ಮೈ ನೀರು ತುಂಬಿ ಬಾತದ್ದು. ಹೃದಯವೋ ಮೂತ್ರಪಿಂಡವೋ ಯಕೃತ್ತೋ ಕೆಟ್ಟಿತ್ತು ಎಂದಷ್ಟೇ ಅರ್ಥ.

ಅಜ್ಜಿಯರ ಮಾತಿನ ಒಳಗೆ

ಕಾಗದ ಇಲ್ಲದ ಮನೆಗಳೇ ಹೆಚ್ಚು. ಅಲ್ಲಿ ಮಾತೇ ದಾಖಲೆ. ಅದನ್ನು ಓದಲು ಸ್ವಲ್ಪ ಕಲಿಯಬೇಕು.

'ಗಡ್ಡೆಯಾಗಿ ಸತ್ತರು' ಎಂಬ ಒಂದೇ ಮಾತನ್ನು ತೆಗೆದುಕೊಳ್ಳಿ. ಬಯಲುಸೀಮೆಯ ಅಜ್ಜಿ ಹಾಗೆಂದರೆ ಅದು ತೊಡೆಸಂದಿಯಲ್ಲೋ ಕಂಕುಳಲ್ಲೋ ಎದ್ದ ಪ್ಲೇಗಿನ ಗಡ್ಡೆ. ತೀರ್ಥಹಳ್ಳಿ, ಕೊಪ್ಪದ ಕಡೆಯವರು ಜ್ವರಗಡ್ಡೆ ಎಂದರೆ ಅದು ಹೊಟ್ಟೆಯ ಎಡಭಾಗದಲ್ಲಿ ಉಬ್ಬಿದ ಗುಲ್ಮ, ವರ್ಷಗಟ್ಟಲೆ ಮಲೇರಿಯಾ ತಿಂದುಹಾಕಿದ್ದರ ಗುರುತು. ಮೊದಲನೆಯದು ನಾಲ್ಕೈದು ದಿನದ ಸಾವು, ಎರಡನೆಯದು ನಾಲ್ಕೈದು ವರ್ಷದ್ದು. ಆದ್ದರಿಂದ ಏನಾಗಿ ಸತ್ತರು ಎಂದು ಕೇಳಬೇಡಿ. ಎಷ್ಟು ದಿನ ಮಲಗಿದ್ದರು, ಗಡ್ಡೆ ಎಲ್ಲಿತ್ತು, ಮನೆಯಲ್ಲಿ ಮತ್ತ್ಯಾರಿಗೆ ಆಯಿತು, ಊರು ಬಿಟ್ಟಿದ್ದಿರಾ, ಯಾವ ಹಬ್ಬ ಹತ್ತಿರವಿತ್ತು ಎಂದು ಕೇಳಿ.

ನನ್ನ ಸೋದರತ್ತೆಗೆ ಆಗ ಎಂಬತ್ತೇಳು. "ಅತ್ತೆ, ಅವರೆಲ್ಲ ಎಷ್ಟು ದಿನ ಮಲಗಿದ್ರಂತೆ?" ಎಂದೆ.

"ಎಷ್ಟು ದಿನ ಏನು ಬಂತೋ, ಮೂರು ದಿನ. ಒಲೆ ಹಚ್ಚೋರು ಇರ್ಲಿಲ್ವಂತೆ ಊರಲ್ಲಿ. ಹೊರೋಕೆ ನಾಕು ಜನ ಸಿಗದೆ ಗಾಡೀಲಿ ಹಾಕ್ಕೊಂಡು ಹೋದ್ರಂತೆ."

ಊರಲ್ಲೆಲ್ಲ ಒಲೆ ಆರಿತ್ತು ಎಂದ ಮೇಲೆ ಒಬ್ಬ ಹುಡುಗಿಯ ಕಾಲ್ಗುಣ ಎಷ್ಟು ಮನೆಗೆ ತಗುಲಲು ಸಾಧ್ಯ? ಅತ್ತೆ ಈ ಎರಡೂ ಕಥೆಯನ್ನು ಜೀವಮಾನವಿಡೀ ಹೇಳಿಕೊಂಡು ಬಂದಿದ್ದರು. ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿರಲಿಲ್ಲ.

ಪ್ಲೇಗಿಗೆ ಅದರದ್ದೇ ಭಾಷೆಯಿದೆ. 'ಇಲಿ ಬಿತ್ತು' ಎಂದರೆ ಸಾಕು. ಇಲಿ ಬಿದ್ದ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡೆವು, ಕಣದಲ್ಲಿ ಹೆರಿಗೆಯಾಯಿತು, ಊರಾಚೆ ಆರು ತಿಂಗಳಿದ್ದೆವು ಎಂಬ ಮಾತು ಬಂದರೆ ಸುತ್ತಮುತ್ತಲ ಸಾವುಗಳಿಗೆ ಪ್ಲೇಗನ್ನೇ ಮೊದಲು ಅನುಮಾನಿಸಿ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ರೈಲು ಹಿಡಿದು 1898ರಲ್ಲಿ, ವಿಳಂಬಿ ಸಂವತ್ಸರದಲ್ಲಿ, ಬೆಂಗಳೂರಿಗೆ ಇಳಿಯಿತು. ಆಗತಾನೇ ರೂಪುಗೊಳ್ಳುತ್ತಿದ್ದ ಮಲ್ಲೇಶ್ವರ, ಬಸವನಗುಡಿಗಳು ತುಂಬಿದ್ದು ಪೇಟೆಯಿಂದ ಓಡಿಬಂದವರಿಂದ. ನಿಮ್ಮವರು 'ಮಲ್ಲೇಶ್ವರದ ಹಳೇ ಕುಳ' ಆಗಿದ್ದರೆ ಪೇಟೆಯಲ್ಲಿ ಯಾರನ್ನು ಕಳೆದುಕೊಂಡು ಬಂದರು ಎಂದು ವಿಚಾರಿಸಿ. ಆಮೇಲೆ ಸುಮಾರು ಅರ್ಧ ಶತಮಾನ ಪ್ಲೇಗು ಹೋಗುತ್ತ ಬರುತ್ತ ಇತ್ತು. ಮಳೆಗಾಲದ ಕೊನೆಗೆ ಶುರು, ಕಡುಬೇಸಿಗೆಗೆ ಮಾಯ. ಭೈರಪ್ಪನವರ 'ಗೃಹಭಂಗ' ಓದಿದವರಿಗೆ ಈ ಲೋಕವನ್ನು ಬಿಡಿಸಿ ಹೇಳಬೇಕಿಲ್ಲ.

ಕಾಲರಾ ಹೇಳಿದ್ದಕ್ಕಿಂತ ಬೇಗ ಗೊತ್ತಾಗುತ್ತದೆ: ಸಂಜೆ ವಾಂತಿಭೇದಿ, ಬೆಳಗಾಗುವಷ್ಟರಲ್ಲಿ ಇಲ್ಲ, ಅದರ ಹಿಂದೆ ಒಂದು ಜಾತ್ರೆಯೋ ಯಾತ್ರೆಯೋ. ಸಿಡುಬಿಗೆ ಹೆಸರು ಹಿಡಿದು ಕರೆಯುವ ಹಾಗಿರಲಿಲ್ಲ. 'ಅಮ್ಮ ಬಂದಿದ್ದಳು', 'ಮೈಲಿ ಎದ್ದಿತ್ತು' ಎನ್ನುತ್ತಾರೆ. ಇಲ್ಲಿ ಎಚ್ಚರ ಬೇಕು, ಏಕೆಂದರೆ ಸೀತಾಳೆ ಸಿಡುಬೂ ಅಮ್ಮನೇ, ದಡಾರವೂ ಅಮ್ಮನೇ. ಬದುಕಿದವರ ಮುಖದಲ್ಲಿ ಕುಳಿ ಉಳಿದಿತ್ತೇ, ಕಣ್ಣು ಹೋಗಿತ್ತೇ ಎಂದು ಕೇಳಿ, ಹೌದಾದರೆ ಸಿಡುಬು. ದೇವಿ ಹಾಕುವುದು, ಎಂದರೆ ಸಿಡುಬಿನ ಲಸಿಕೆ, ನಮ್ಮ ಕಡೆ ಹೊಸತೇನಲ್ಲ. 1805ರ ಸುಮಾರಿಗೆ ಮೈಸೂರಿನ ಅರಮನೆಯ ಹೆಂಗಸರೇ ಹಾಕಿಸಿಕೊಂಡಿದ್ದರು. ಥಾಮಸ್ ಹಿಕಿ ಬಿಡಿಸಿದ ರಾಣಿಯರ ಚಿತ್ರವನ್ನು ಅದರ ಪ್ರಚಾರಕ್ಕೇ ಬರೆಸಿದ್ದೆಂದು ಇತಿಹಾಸಕಾರರು ಓದುತ್ತಾರೆ. ಹಳ್ಳಿಗಳ ತೋಳಿನ ಮೇಲೆ ಆ ಗುರುತು ಬೀಳುವಷ್ಟರಲ್ಲಿ ನೂರೈವತ್ತು ವರ್ಷವಾಯಿತು.

'ಸನ್ನಿಯಾಗಿ ಹೋದರು' ಎಂದರೆ ಜ್ವರ ತಲೆಗೇರಿ ಬಡಬಡಿಸಿದರು ಎಂದಷ್ಟೇ. ಇಪ್ಪತ್ತೊಂದು ದಿನದ ಜ್ವರ, ಗಂಜಿಯ ಪಥ್ಯ ಎಂದು ಸೇರಿಸಿದರೆ ಟೈಫಾಯ್ಡ್. ಹೆತ್ತು ವಾರದೊಳಗೆ ಸನ್ನಿ ಎಂದರೆ ಬಾಣಂತಿ ನಂಜು, ಸೂಲಗಿತ್ತಿಯ ಕೈಯಿಂದಲೋ ಕುಡುಗೋಲಿನಿಂದಲೋ ಬಂದದ್ದು. ಅದೇ ಕುಡುಗೋಲು ಹೊಕ್ಕುಳಬಳ್ಳಿ ಕತ್ತರಿಸಿದ್ದರೆ ಕೂಸು ವಾರದ ಸುಮಾರಿಗೆ ಹಾಲು ಬಿಟ್ಟು, ಸೆಟೆದು, ಸಾಯುತ್ತಿತ್ತು. ಮನೆಯವರು ಬಾಲಗ್ರಹ ಎಂದರು, ಅದು ಧನುರ್ವಾಯು. ಇಂಥ ಕೂಸುಗಳಿಗೆ ನಾಮಕರಣವೂ ಆಗಿರುವುದಿಲ್ಲ, ವಂಶವೃಕ್ಷದಲ್ಲಿ ಕೊಂಬೆಯೂ ಇರುವುದಿಲ್ಲ. ಅವು ಇದ್ದವೆಂದು ಹೇಳುವುದು ಆಮೇಲೆ ಹುಟ್ಟಿದ ಮಗುವಿನ ಹೆಸರು. ಸಾಲಾಗಿ ಮಕ್ಕಳು ಸತ್ತ ಮೇಲೆ ಹುಟ್ಟಿದ್ದನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪ, ತಿಪ್ಪಿ, ಗುಂಡ, ಕಲ್ಲ ಎಂದು ಕರೆಯುತ್ತಿದ್ದರು, ಯಮನಿಗೆ ಬೇಡವಾಗಲಿ ಎಂದು. ಚಿತ್ರದುರ್ಗದ ಸುತ್ತಿನವರಾದರೆ ಮಾತ್ರ ತಡೆಯಿರಿ. ಅಲ್ಲಿನ ತಿಪ್ಪೇಸ್ವಾಮಿ, ತಿಪ್ಪಮ್ಮಂದಿರು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಒಕ್ಕಲು.

ಅರಸರ ಮನೆಯೂ ಹೊರತಲ್ಲ. ಹತ್ತನೆಯ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಹೋದವರು ಅಲ್ಲೇ ಗಂಟಲಮಾರಿಯಿಂದ, ಎಂದರೆ ಡಿಫ್ತೀರಿಯಾದಿಂದ ತೀರಿಕೊಂಡರು. ಆಗಿನ್ನೂ ಮೂವತ್ತೊಂದು ವಯಸ್ಸು. ಅವರ ಮಗಳು ಕೃಷ್ಣಾಜಮ್ಮಣ್ಣಿಯವರ ಹೆಸರು ಮೈಸೂರಿನ ಕ್ಷಯರೋಗ ಆಸ್ಪತ್ರೆಗೆ ಇದೆ.

ಮುಚ್ಚಿಟ್ಟವು, ಹೊರಿಸಿದವು

ಕ್ಷಯವನ್ನು ಯಾವ ಮನೆಯೂ ಒಪ್ಪಿಕೊಳ್ಳುತ್ತಿರಲಿಲ್ಲ, ಹೆಣ್ಣು ಕೊಡುವವರು ಹಿಂದೆಗೆಯುತ್ತಾರೆಂದು. 'ಎದೆ ಕಾಯಿಲೆ', 'ಕೊರಗಿ ಕೊರಗಿ ಸೊರಗಿದಳು', 'ಗಾಳಿ ಬದಲಾವಣೆಗೆ ಮದನಪಲ್ಲಿಗೆ ಕರೆದುಕೊಂಡು ಹೋಗಿದ್ದರು' ಎಂಬ ಮಾತುಗಳ ಹಿಂದೆ ಅದಿರುತ್ತದೆ. ಮದನಪಲ್ಲಿಯ ಆರೋಗ್ಯವರಂ ಅಂದಿನ ಹೆಸರಾಂತ ಕ್ಷಯ ಧಾಮ. ಕೆಜಿಎಫ್‌ನ ಗಣಿಯಲ್ಲಿ ದುಡಿದವರ ಮನೆಗಳಲ್ಲಿ ಇದು ತಿರುವುಮುರುವು. ಕ್ಷಯ ಎಂದು ಬರೆದದ್ದು ಕಲ್ಲಿನ ದೂಳಿನ ಸಿಲಿಕೋಸಿಸ್ ಆಗಿದ್ದಿರಬಹುದು. ಮುತ್ತಾತ ನೆಲದಡಿ ಕೊರೆಯುವ ಕೆಲಸದಲ್ಲಿದ್ದರೇ, ಮೇಲಿದ್ದರೇ ಎಂದು ಕೇಳದೆ ಆ ಸಾಲು ತುಂಬಿಸಬೇಡಿ. ದೊಡ್ಡರೋಗ ಎಂದರೆ ಕುಷ್ಠ. ಬಾವಿಗೆ ಕಾಲು ಜಾರಿ ಬಿದ್ದ ಸೊಸೆಯಂದಿರ ಬಗ್ಗೆ ನಾನೇನು ಹೇಳಲಿ. ನೀರು ಸೇದುವ ಹೊತ್ತಿನಲ್ಲಿ ಬಿದ್ದಳೋ ಅಪರಾತ್ರಿಯಲ್ಲೋ ಎಂದು ಒಮ್ಮೆ ಕೇಳಬಹುದು. ಎರಡನೆಯ ಸಲ ಕೇಳಬೇಡಿ. ಹೇಳಬೇಕೆನ್ನಿಸಿದವರು ತಾವಾಗಿ ಹೇಳುತ್ತಾರೆ.

ಇನ್ನು ಮದ್ದು. 'ಯಾರೋ ಊಟದಲ್ಲಿ ಮದ್ದು ಹಾಕಿದರು' ಎಂಬ ಕಥೆ ಇಲ್ಲದ ಮನೆತನ ಕಡಿಮೆ. ತಿಂದದ್ದು ಸೇರದೆ, ಹೊಟ್ಟೆ ಹಿಡಿದು, ತಿಂಗಳುಗಟ್ಟಲೆ ಒಣಗಿ ಸತ್ತವರ ಕಥೆ ಅದು. ಹೊಟ್ಟೆಯ ಕ್ಷಯ, ಜಠರದ ಹುಣ್ಣು, ಕ್ಯಾನ್ಸರ್ ಮೂರೂ ಹೀಗೆಯೇ ಕೊಲ್ಲುತ್ತವೆ. ಮದ್ದು ಹಾಕಿದವಳೆಂದು ಹೆಸರು ಹೊತ್ತವಳು ಮಾತ್ರ ಹೆಚ್ಚಾಗಿ ಒಬ್ಬ ವಿಧವೆ, ಇಲ್ಲವೆ ಮಕ್ಕಳಿಲ್ಲದ ನೆರೆಮನೆಯಾಕೆ. ಅವಳಿಗೂ ಒಂದು ವಂಶವೃಕ್ಷ ಇತ್ತು.

ನಿಮ್ಮ ಡಾಕ್ಟರಿಗೆ ಉಪಯೋಗಕ್ಕೆ ಬರುವ ಮಾತೂ ಈ ಗುಂಪಿನಲ್ಲೇ ಅಡಗಿರುತ್ತದೆ. ಅಜ್ಜ ಬೆನ್ನುಫಣಿಯಾಗಿ ಸತ್ತರು ಎಂದರೆ ಬೆನ್ನಿನಲ್ಲಿ ವಾಸಿಯಾಗದ ದೊಡ್ಡ ಕುರು. ಸಿಹಿಮೂತ್ರದವರನ್ನು ಕಾಡುತ್ತಿದ್ದ ಕುರು ಅದು. ಮನೆಯಲ್ಲಿ ಸಕ್ಕರೆ ಕಾಯಿಲೆ ನಮ್ಮ ತಲೆಮಾರಿಗೆ ಬಂದದ್ದು ಎಂದುಕೊಂಡವರು ಆ ಒಂದು ಪದದಿಂದ ಎರಡು ತಲೆಮಾರು ಹಿಂದೆ ಹೋಗಬೇಕಾಗುತ್ತದೆ. 'ಗ್ಯಾಸ್ ಎದೆಗೇರಿ ಕೂತಲ್ಲೇ ಹೋದರು' ಎಂಬುದನ್ನೂ ಹೃದಯದ ಲೆಕ್ಕಕ್ಕೆ ಹಾಕಿ ವೈದ್ಯರಿಗೆ ಹೇಳಿ.

ಹಾಗೆಂದು ಎಲ್ಲದಕ್ಕೂ ರೋಗದ ಹೆಸರು ಅಂಟಿಸಲು ಹೋಗಬೇಡಿ. ಧಾತು ಈಶ್ವರದ ಬರದಲ್ಲಿ, ಎಂದರೆ 1876ರಿಂದ 78ರಲ್ಲಿ, ಸತ್ತವರು ಕಾಲರಾದಿಂದ ಸತ್ತರೋ ಜ್ವರದಿಂದಲೋ ಎಂಬ ವಿಚಾರಣೆಗೆ ಅರ್ಥವಿಲ್ಲ. 1871ರ ಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನ 1881ರಲ್ಲಿ ನಲವತ್ತೆರಡು ಲಕ್ಷದೊಳಗೆ ಬಂದಿತ್ತು. ಕಾಲಮ್ಮಿನಲ್ಲಿ ಏನಿದ್ದರೂ ಅವರನ್ನು ಕೊಂದದ್ದು ಹಸಿವು. ಆ ವರ್ಷಗಳಿಗೆ ಬಂದು ನಿಮ್ಮ ವಂಶಾವಳಿ ಕಡಿದುಹೋದರೆ ಪಕ್ಕದ ಬೇಚರಾಕ್ ಗ್ರಾಮಗಳ ಹೆಸರು ನೋಡಿ. ಕಂದಾಯದ ಕಡತಗಳಲ್ಲಿ ಜನವಿಲ್ಲದ ಊರಿಗೆ ಇಂದಿಗೂ ಅದೇ ಪದ. ಪಾರ್ಸಿಯಲ್ಲಿ ದೀಪವಿಲ್ಲದ್ದು ಎಂದರ್ಥ.

ಬರೆದಿಡುವಾಗ ಮೂರು ಮಾತನ್ನು ಮೂರು ಸಾಲಿನಲ್ಲಿ ಬೇರೆಬೇರೆ ಬರೆಯಿರಿ: ಮನೆಯವರು ಹೇಳಿದ್ದು, ದಾಖಲೆ ಹೇಳುವುದು, ನಿಮ್ಮ ಊಹೆ. ಊಹೆಯನ್ನು ದಾಖಲೆಯ ಜಾಗದಲ್ಲಿ ಬರೆದರೆ ಮುಂದಿನವರು ಅದನ್ನೇ ನಂಬುತ್ತಾರೆ. ಮನೆಯವರ ಮಾತು ತಪ್ಪೆಂದು ಹೊಡೆದುಹಾಕಲೂ ಬೇಡಿ. ಅವರು ಏನೆಂದು ನಂಬಿ ಬದುಕಿದರು ಎನ್ನುವುದೂ ಚರಿತ್ರೆಯೇ. ನನ್ನ ನೋಟುಪುಸ್ತಕದಲ್ಲಿ ಹೀಗಿದೆ:

ಮುತ್ತಜ್ಜನ ತಮ್ಮ. ಆಶ್ವಯುಜ ಬಹುಳ ಪಂಚಮಿ. ಮನೆಯವರ ಮಾತು: ಹೆಂಡತಿಯ ಕಾಲ್ಗುಣ. ದಾಖಲೆ: ಕಾಳಯುಕ್ತಿ ಪಂಚಾಂಗದಲ್ಲಿ ಚುಕ್ಕೆ, 1921ರ ಪೌತಿ ಖಾತೆ. ಊಹೆ: ಇನ್‌ಫ್ಲುಯೆಂಜಾ, ಮೂರು ದಿನದ ಜ್ವರ, ಅದೇ ವಾರ ಮನೆಯಲ್ಲಿ ಇನ್ನಿಬ್ಬರು.

ಅದರ ಕೆಳಗಿನ ಸಾಲು ಅವನ ಹೆಂಡತಿಯದು. ಅಲ್ಲಿ ಮಡಿಯಜ್ಜಿ ಎಂದಷ್ಟೇ ಬರೆದಿದ್ದೇನೆ. ಅವಳ ಹೆಸರೇನೆಂದು ಸೋದರತ್ತೆಗೂ ಗೊತ್ತಿರಲಿಲ್ಲ. ತವರು ಅರಸೀಕೆರೆಯ ಹತ್ತಿರ ಎಲ್ಲೋ ಅಂತೆ. ಸುಗ್ಗಿ ಮುಗಿದ ಮೇಲೆ ಒಮ್ಮೆ ಆ ಕಡೆ ಹೋಗಿಬರಬೇಕು.